ಹಲ್ಲು ಎಣಿಸದೆ ಎತ್ತು ಕೊಳ್ಳುವವರು

ಮೊದಲ ಕಾರು ಕೊಳ್ಳುವ ನಮ್ಮ ಸಾಫ್ಟ್‌ವೇರ್ ಮಂದಿಯ ಮೇಲೆ ನನ್ನದೊಂದು ತಕರಾರಿದೆ. ಎಂಟುನೂರು ರೂಪಾಯಿಯ ಇಯರ್‌ಫೋನ್ ತಗೊಳ್ಳೋಕೆ ಮೂರು ದಿನ ರಿವ್ಯೂ ಓದುವ ಇದೇ ಜನ, ಐದು ಲಕ್ಷದ ಸೆಕೆಂಡ್ ಹ್ಯಾಂಡ್ ಕಾರನ್ನು ಎರಡೇ ಪ್ರಶ್ನೆ ಕೇಳಿ ಮನೆಗೆ ತಂದುಬಿಡುತ್ತಾರೆ. "ಎಷ್ಟು ಓಡಿದೆ?" "ಎಷ್ಟನೇ ಓನರ್?" ನಲವತ್ತು ಸಾವಿರ ಕಿಲೋಮೀಟರ್, ಫಸ್ಟ್ ಓನರ್ ಅಂದರೆ ಮುಗೀತು, ಅಡ್ವಾನ್ಸ್ ಯುಪಿಐನಲ್ಲಿ ಹೋಗಿರುತ್ತದೆ. ಭಾನುವಾರ ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಇನ್‌ಸ್ಟಾಗ್ರಾಂನಲ್ಲಿ ಫೋಟೊ. ಬಾನೆಟ್ ತೆಗೆದು ನೋಡಿದಿರಾ ಅಂತ ಕೇಳಿದರೆ, "ಇನ್‌ಸ್ಪೆಕ್ಷನ್ ರಿಪೋರ್ಟ್ ಇದೆಯಲ್ಲ ಗುರು" ಅಂತ ಫೋನಿನಲ್ಲಿ ಪಿಡಿಎಫ್ ತೋರಿಸುತ್ತಾರೆ.

ನನ್ನ ಪ್ರಕಾರ ಇವರು ಕೊಂಡಿರುವುದು ಎರಡು ನಂಬರು ಮತ್ತು ಒಂದು ಪಿಡಿಎಫ್. ಅದರ ಜೊತೆಗೆ ಬಂದ ಕಾರು ಹೇಗಿದೆ ಅನ್ನೋದು ಅವರ ಅದೃಷ್ಟ.

ನಾನು ಅರಸೀಕೆರೆ ಕಡೆಯ ಹಳ್ಳಿಯವನು. ನಮ್ಮ ಕಡೆ ಎತ್ತು ಕೊಳ್ಳುವುದು ಅಂದರೆ ಮನೆಯ ವರ್ಷದ ದೊಡ್ಡ ಖರ್ಚು. ಶಿವರಾತ್ರಿ ಸುಮಾರಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದರೆ ಹಳ್ಳಿಕಾರ್ ಜೋಡಿಗಳನ್ನು ಮದುವೆ ಗಂಡಿನ ಹಾಗೆ ಸಿಂಗರಿಸಿ ನಿಲ್ಲಿಸಿರುತ್ತಾರೆ. ಕೊಂಬು ಹೆರೆದು ಎಣ್ಣೆ ಸವರಿರುತ್ತಾರೆ, ಮೈ ಉಜ್ಜಿ ಮಿಂಚಿಸಿರುತ್ತಾರೆ. ನಮ್ಮ ಹಿರಿಯರು ಆ ಮಿಂಚಿಗೆ ಮರುಳಾಗುತ್ತಿರಲಿಲ್ಲ. ಮೊದಲು ಬಾಯಿ ತೆಗೆಸಿ ಹಲ್ಲು ನೋಡೋರು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಅಂತ. ಮಾರುವವನು ಹೇಳಿದ ವಯಸ್ಸಿಗೆ ಅಲ್ಲಿ ಬೆಲೆ ಇಲ್ಲ. ಆಮೇಲೆ ಹೆಗಲ ಮೇಲೆ ನೊಗದ ಗಾಯ ಇದೆಯಾ, ಗೊರಸು ಸರಿಯಾಗಿದೆಯಾ, ಸುಳಿ ಎಲ್ಲಿದೆ. ಆಮೇಲೆ ನಡೆಸಿ ನೋಡೋದು, ಹೂಡಿ ನೋಡೋದು. ಎಲ್ಲಕ್ಕಿಂತ ಮುಖ್ಯವಾಗಿ, ಜೊತೆಗೆ ಊರಿನ ಒಬ್ಬ ಬಲ್ಲವರು ಇರಲೇಬೇಕು. ಒಂಟಿಯಾಗಿ ಹೋಗಿ ಎತ್ತು ಕೊಂಡು ಬಂದ ಬುದ್ಧಿವಂತನನ್ನು ನಾನಂತೂ ಕಂಡಿಲ್ಲ.

ಆ ಹಿರಿಯರ ಮಕ್ಕಳು ಮೊಮ್ಮಕ್ಕಳು ನಾವು ಬಿಇ ಓದಿ, ಟೆಸ್ಟ್ ಮಾಡದ ಒಂದು ಸಾಲು ಕೋಡನ್ನೂ ಪ್ರೊಡಕ್ಷನ್‌ಗೆ ಬಿಡಬಾರದು ಅಂತ ದಿನಾ ಭಾಷಣ ಕೇಳಿ, ಹಲ್ಲು ನೋಡದೆ ಎತ್ತು ಕೊಳ್ಳುತ್ತಿದ್ದೇವೆ.

ಮೊದಲು ಆ ಕಿಲೋಮೀಟರ್ ಮೂಢನಂಬಿಕೆಯನ್ನೇ ತೆಗೆದುಕೊಳ್ಳೋಣ. ಡಿಜಿಟಲ್ ಓಡೋಮೀಟರ್ ಅಂದರೆ ಮೆಮೊರಿಯಲ್ಲಿ ಕೂತಿರುವ ಒಂದು ಸಂಖ್ಯೆ. ಅದನ್ನು ತಿದ್ದುವ ಉಪಕರಣಗಳಿವೆ, ತಿದ್ದಿಕೊಡುವ ಅಂಗಡಿಗಳಿವೆ. ಡೇಟಾಬೇಸ್‌ನಲ್ಲಿ ಒಂದು ಫೀಲ್ಡ್ ಅಪ್‌ಡೇಟ್ ಮಾಡೋದು ಎಷ್ಟು ಸುಲಭ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ಮೀಟರ್ ಏನು ಹೇಳುತ್ತದೆ ಅಂತ ನೋಡಿ, ಆಮೇಲೆ ಬ್ರೇಕ್ ಪೆಡಲ್ಲಿನ ರಬ್ಬರ್ ಏನು ಹೇಳುತ್ತದೆ ಅಂತ ನೋಡಿ. ಸ್ಟೀರಿಂಗ್ ಎಷ್ಟು ಸವೆದು ನುಣುಪಾಗಿದೆ, ಗೇರ್ ಗುಬ್ಬಿಯ ಮೇಲಿನ ಅಂಕಿ ಅಳಿಸಿದೆಯಾ, ಡ್ರೈವರ್ ಸೀಟಿನ ಬಲ ಅಂಚು ಕುಸಿದಿದೆಯಾ. ಮೂವತ್ತು ಸಾವಿರ ಓಡಿದ ಕಾರಿನ ಪೆಡಲ್ ರಬ್ಬರ್ ಸವೆದು ಕಬ್ಬಿಣ ಕಾಣೋದಿಲ್ಲ ಸ್ವಾಮಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ ಅದು 2019ರ 23ನೇ ವಾರ ತಯಾರಾದ ಟೈರು. ಮೂರು ವರ್ಷದ, ಇಪ್ಪತ್ತೈದು ಸಾವಿರ ಓಡಿದ ಕಾರಿಗೆ ನಾಲ್ಕೂ ಹೊಸ ಟೈರು ಬಿದ್ದಿವೆ ಅಂದರೆ ಯಾಕೆ ಅಂತ ಕೇಳಿ. ಕಂಪನಿ ಸರ್ವಿಸ್ ಸೆಂಟರಿನ ಪ್ರತಿ ಬಿಲ್ಲಿನಲ್ಲೂ ಅವತ್ತಿನ ಕಿಲೋಮೀಟರ್ ಬರೆದಿರುತ್ತದೆ. ಆ ಬಿಲ್ಲುಗಳನ್ನು ಸಾಲಾಗಿ ಜೋಡಿಸಿದರೆ ಕಾರಿನ ಜಾತಕ ಸಿಗುತ್ತದೆ. ಎರಡು ವರ್ಷದ ಬಿಲ್ಲು ಮಾತ್ರ ಕಾಣೆಯಾಗಿದ್ದರೆ ಆ ಎರಡು ವರ್ಷವೇ ನಿಮಗೆ ಬೇಕಾದದ್ದು.

ಮೀಟರ್ ತಿದ್ದಿಲ್ಲ ಅಂತಲೇ ಇಟ್ಟುಕೊಳ್ಳಿ. ಆಗಲೂ ಬೆಂಗಳೂರಿನಲ್ಲಿ ಕಿಲೋಮೀಟರ್ ಪೂರ್ತಿ ಸತ್ಯ ಹೇಳುವುದಿಲ್ಲ. ಸರಳ ಲೆಕ್ಕ ಹಾಕೋಣ. ಬೆಳಿಗ್ಗೆ ಸಿಲ್ಕ್ ಬೋರ್ಡ್, ಸಂಜೆ ಮಾರತ್ತಹಳ್ಳಿ ನೋಡುವ ಕಾರಿನ ಸರಾಸರಿ ವೇಗ ಗಂಟೆಗೆ 12 ಕಿ.ಮೀ. ಅಂತಿಟ್ಟುಕೊಂಡರೆ, 36,000 ಕಿ.ಮೀ. ಓಡಲು ಅದರ ಎಂಜಿನ್ 3,000 ಗಂಟೆ ತಿರುಗಿರುತ್ತದೆ. ಹೈವೇಯಲ್ಲಿ 60ರ ಸರಾಸರಿಯಲ್ಲಿ ಓಡಿದ ಹುಬ್ಬಳ್ಳಿ ಕಡೆಯ ಕಾರು 90,000 ಕಿ.ಮೀ. ಓಡಲು ತೆಗೆದುಕೊಳ್ಳುವುದು 1,500 ಗಂಟೆ. ಅರ್ಧ! ಕ್ಲಚ್ ಪ್ಲೇಟು, ಗೇರು, ಬ್ರೇಕಿನ ಬಳಕೆಯಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಆದರೆ ನಮ್ಮ ಹುಡುಗರು ಫಿಲ್ಟರ್‌ನಲ್ಲಿ "50,000ಕ್ಕಿಂತ ಕಡಿಮೆ" ಅಂತ ಟಿಕ್ ಮಾಡಿ ಆ ಒಳ್ಳೆಯ ಕಾರನ್ನು ಪರದೆಯಿಂದಲೇ ಅಳಿಸಿಬಿಡುತ್ತಾರೆ. ಹಾಗೆ ಅಳಿಸುತ್ತಾರೆ ಅಂತ ಗೊತ್ತಿರುವುದರಿಂದಲೇ ಮಾರುವವನಿಗೆ ಮೀಟರ್ ತಿದ್ದುವ ಆಸೆ ಹುಟ್ಟುವುದು. ಈ ದಂಧೆಯ ಬಂಡವಾಳ ನಮ್ಮ ಫಿಲ್ಟರ್ರೇ.

ಎರಡನೆಯದು ಸರ್ಟಿಫಿಕೇಟು. ಇನ್ನೂರು ಪಾಯಿಂಟ್, ಇನ್ನೂರೈವತ್ತು ಪಾಯಿಂಟ್ ಅಂತೆಲ್ಲ ಹೇಳುತ್ತಾರೆ. ನಾನು ಆ ವ್ಯವಸ್ಥೆಯೇ ಮೋಸ ಅನ್ನುತ್ತಿಲ್ಲ. ದೊಡ್ಡ ಕಂಪನಿಗಳಿಂದ ಕಾರು ಕೊಂಡವರಿಗೆ ಕಾಗದ ಪತ್ರದ ಓಡಾಟ ತಪ್ಪಿದೆ, ಕೆಲವರು ಇಷ್ಟವಾಗದ ಕಾರನ್ನು ವಾಪಸ್ಸೂ ಕೊಟ್ಟಿದ್ದಾರೆ. ಆದರೆ ಒಂದು ಪ್ರಶ್ನೆ: ಆ ತಪಾಸಣೆ ಮಾಡಿದವನಿಗೆ ಸಂಬಳ ಕೊಡುವವರು ಯಾರು? ಕಾರು ಮಾರುವವರೇ. ನಮ್ಮ ಆಫೀಸಿನಲ್ಲಿ ಕೋಡ್ ಬರೆದವನೇ ಅದಕ್ಕೆ ಅಪ್ರೂವಲ್ ಕೊಡಲು ಬಿಡುತ್ತೇವಾ? ಅಲ್ಲಿ ತಕರಾರು ತೆಗೆಯುವ ನಾವು ಇಲ್ಲಿ ಮಾತ್ರ ತಲೆಯಾಡಿಸುತ್ತೇವೆ. ವಾರಂಟಿ ಇದೆ ಅಂದಾಗ ಆ ಕಾಗದದ ಸಣ್ಣ ಅಕ್ಷರ ಓದಿ. ಕ್ಲಚ್, ಬ್ರೇಕ್ ಪ್ಯಾಡ್, ಟೈರು, ಬ್ಯಾಟರಿ ಹೀಗೆ ಹಳೇ ಕಾರಿನಲ್ಲಿ ನಿಜಕ್ಕೂ ಹೋಗುವ ಸಾಮಾನುಗಳೆಲ್ಲ ಸಾಮಾನ್ಯವಾಗಿ ಅದರ ಹೊರಗೇ ಇರುತ್ತವೆ.

ಇಲ್ಲಿಗೆ ನನ್ನ ನಿಜವಾದ ಸಿಟ್ಟಿನ ವಿಷಯ ಬಂತು. ಸಾವಿರವೋ ಎರಡು ಸಾವಿರವೋ ಕೊಟ್ಟರೆ ಏರಿಯಾದ ಒಬ್ಬ ಒಳ್ಳೆ ಮೆಕ್ಯಾನಿಕ್ ನಿಮ್ಮ ಜೊತೆ ಬಂದು ಕಾರು ನೋಡುತ್ತಾನೆ. ಶುಕ್ರವಾರ ಸಂಜೆ ನಾವು ಬಿಯರಿಗೆ ಕೊಡುವಷ್ಟು ದುಡ್ಡು. ಆದರೂ ಕರೆದುಕೊಂಡು ಹೋಗುವುದಿಲ್ಲ. ಯಾಕೆ? ಅಚ್ಚುಕಟ್ಟಾದ ಟೀ ಶರ್ಟ್ ಹಾಕಿ, ಕೈಯಲ್ಲಿ ಟ್ಯಾಬ್ ಹಿಡಿದು, ಇಂಗ್ಲಿಷಿನಲ್ಲಿ ಮಾತಾಡುವ ಹುಡುಗನ ಮೇಲೆ ನಮಗೆ ನಂಬಿಕೆ. ಉಗುರಿನ ಸಂದಿಯಲ್ಲಿ ಗ್ರೀಸ್ ಇರುವವನ ಮೇಲೆ ಅನುಮಾನ. ಅವನು ಕಮಿಷನ್ ಹೊಡೀತಾನೆ ಅಂತ. ಟ್ಯಾಬ್ ಹಿಡಿದವನಿಗೆ ಟಾರ್ಗೆಟ್ ಇದೆ ಅನ್ನೋದು ಮಾತ್ರ ನೆನಪಾಗೋದಿಲ್ಲ. ನಮ್ಮ ಅಪ್ಪಂದಿರ ಕೈಯಲ್ಲಿ ಮಣ್ಣಿತ್ತು ಅನ್ನೋದೂ ನೆನಪಾಗೋದಿಲ್ಲ.

ಹೋದ ವರ್ಷ ನನ್ನ ಟೀಮಿನ ಹುಡುಗನೊಬ್ಬ ಕಾರು ನೋಡಲು ಕರೆದಾಗ ನಮ್ಮ ಲೇಔಟಿನ ಮೆಕ್ಯಾನಿಕ್ ಒಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ರಿಪೋರ್ಟಿನಲ್ಲಿ "ಆಕ್ಸಿಡೆಂಟ್ ಇಲ್ಲ" ಅಂತಿತ್ತು. ಅವನು ಎಂಜಿನ್ ಸ್ಟಾರ್ಟ್ ಕೂಡ ಮಾಡಿಸಲಿಲ್ಲ. ಬಾನೆಟ್ ಎತ್ತಿ, ಅದರ ಹಿಂಜಿನ ಬೋಲ್ಟಿನ ಮೇಲೆ ಹೆಬ್ಬೆರಳು ಆಡಿಸಿದ. "ಅಣ್ಣ, ಇದಕ್ಕೆ ಸ್ಪ್ಯಾನರ್ ಬಿದ್ದಿದೆ ನೋಡಿ, ಪೇಂಟ್ ಎದ್ದಿದೆ." ಪಕ್ಕದ ಫೆಂಡರ್ ಬೋಲ್ಟೂ ಹಾಗೇ. ಬಾಗಿ ಒಳಗಿನ ಅಪ್ರಾನ್ ನೋಡಿದ. ಕಂಪನಿಯ ಬೆಸುಗೆ ಒಂದೇ ಅಳತೆಯ ಚುಕ್ಕಿಗಳಾಗಿರುತ್ತದೆ, ಇಲ್ಲಿ ಬಲಗಡೆ ಚುಕ್ಕಿಯೇ ಇರಲಿಲ್ಲ. "ಟಿಂಕರಿಂಗ್ ಚೆನ್ನಾಗ್ ಮಾಡಿದಾರೆ. ಆದ್ರೆ ಚಾಸಿಸ್‌ಗೇ ಪೆಟ್ಟು ಬಿದ್ದಿರೋ ಗಾಡಿ ಅಣ್ಣ, ಬೇಡ." ಹತ್ತು ನಿಮಿಷ. ಇನ್ನೂರು ಪಾಯಿಂಟಿನಲ್ಲಿ ಆ ಬೋಲ್ಟು ಬಂದಿರಲಿಲ್ಲ.

ಅವನಿಂದ ಕಲಿತದ್ದನ್ನೇ ಇಲ್ಲಿ ಹೇಳುತ್ತೇನೆ. ಬಂಪರಿನ ಗೀರು, ಬಾಗಿಲಿನ ಸಣ್ಣ ಡೆಂಟು ದೊಡ್ಡ ವಿಷಯವೇ ಅಲ್ಲ. ಬೆಂಗಳೂರಿನಲ್ಲಿ ಗೀರಿಲ್ಲದ ಬಂಪರ್ ಕಂಡರೇ ಅನುಮಾನ ಪಡಬೇಕು. ಅಂಥ ಗೀರು ತೋರಿಸಿ ಐದು ಸಾವಿರ ಇಳಿಸಿದೆ ಅಂತ ಬೀಗುವವರು ಪಿಲ್ಲರ್, ಅಪ್ರಾನ್, ಡಿಕ್ಕಿಯ ತಳ ನೋಡಿರುವುದಿಲ್ಲ. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಅದರ ಕೆಳಗಿನ ಬಣ್ಣ, ಬೆಸುಗೆ ನೋಡಿ. ಬಾಗಿಲು, ಬಾನೆಟ್ಟಿನ ಸಂದಿ ಎರಡೂ ಕಡೆ ಒಂದೇ ಅಳತೆ ಇದೆಯಾ ನೋಡಿ. ಗಾಜುಗಳ ಮೂಲೆಯಲ್ಲಿ ತಯಾರಕರ ಗುರುತು ಇರುತ್ತದೆ, ಒಂದು ಗಾಜು ಮಾತ್ರ ಬೇರೆ ಇದ್ದರೆ ಅದು ಒಡೆದದ್ದು ಹೇಗೆ ಅಂತ ಕೇಳಿ. ಹಗಲು ಬೆಳಕಿನಲ್ಲಿ ನೋಡಿ, ಆಗಷ್ಟೇ ತೊಳೆದ ಒದ್ದೆ ಕಾರನ್ನು ನೋಡಬೇಡಿ. ನೀರಿನ ಹನಿ ಪುಟ್ಟಿಯನ್ನೂ ಮುಚ್ಚುತ್ತದೆ, ಬಣ್ಣದ ವ್ಯತ್ಯಾಸವನ್ನೂ ಮುಚ್ಚುತ್ತದೆ. ಮೇಲೆ ಥಳುಕು ಒಳಗೆ ಹುಳುಕು ಅಂತ ಗಾದೆ ಮಾಡಿದವರು ಕಾರು ನೋಡಿರಲಿಲ್ಲ, ಆದರೆ ಮಾರುವವರನ್ನು ನೋಡಿದ್ದರು.

ನೀರಿನ ವಿಷಯ ಇನ್ನೊಂದು. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್, ಬೆಳ್ಳಂದೂರು, ಯಮಲೂರಿನ ನೀರಿನಲ್ಲಿ ಕಾರುಗಳು ಮುಳುಗಿ ನಿಂತಿದ್ದನ್ನು ನಾವೆಲ್ಲ ವಿಡಿಯೊದಲ್ಲಿ ನೋಡಿ ಫಾರ್ವರ್ಡ್ ಮಾಡಿದ್ದೆವು. ಚೆನ್ನೈನಲ್ಲಿ 2015ರ ಡಿಸೆಂಬರಿನಲ್ಲಿ, ಮತ್ತೆ 2023ರ ಡಿಸೆಂಬರಿನಲ್ಲಿ ಅದೇ ಕಥೆ. ಆ ಕಾರುಗಳೆಲ್ಲ ಗುಜರಿಗೆ ಹೋದವು ಅಂತ ಯಾರೂ ತಿಳಿಯಬೇಡಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಅದರ ಬುಡದಲ್ಲಿ ಕೆಸರಿನ ಕಲೆ ಉಳಿದಿರುತ್ತದೆ. ಸೀಟಿನ ಕೆಳಗಿನ ಕಬ್ಬಿಣದ ಹಳಿ, ಕಾರ್ಪೆಟ್ಟಿನ ಕೆಳಗೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಇಲ್ಲೆಲ್ಲ ತುಕ್ಕೋ ಮಣ್ಣೋ ಇದೆಯಾ ನೋಡಿ. ಕಾರಿನೊಳಗೆ ಸುಗಂಧದ ಡಬ್ಬಿ ಜೋರಾಗಿ ಘಮ್ಮೆನ್ನುತ್ತಿದ್ದರೆ ಅದನ್ನು ಹೊರಗಿಟ್ಟು, ಕಿಟಕಿ ಮುಚ್ಚಿ, ಹತ್ತು ನಿಮಿಷ ಬಿಟ್ಟು ಮೂಸಿ. ನಂಬರ್ ಪ್ಲೇಟೂ ಒಂದು ಸುಳಿವು. ಕೆಎ 19, 20 ಅಂದರೆ ಮಂಗಳೂರು, ಉಡುಪಿ. ಕಡಲ ಗಾಳಿ ತಿಂದಿರುವ ತಳವನ್ನು ಟಾರ್ಚ್ ಹಿಡಿದು ನೋಡಿ. ಕೆಎ 12, 18 ಅಂದರೆ ಕೊಡಗು, ಚಿಕ್ಕಮಗಳೂರು. ಎಸ್ಟೇಟ್ ರಸ್ತೆಯಲ್ಲಿ ಓಡಿದ್ದರೆ ಸಸ್ಪೆನ್ಷನ್ ನೋಡಿ. ಬೆಂಗಳೂರಿನ ನಂಬರಾದರೆ ಕ್ಲಚ್ಚು.

ಎಂಜಿನ್ನನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಬೇಕು. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬಿಸಿ ಇದ್ದರೆ "ನಾಳೆ ಬೆಳಿಗ್ಗೆ ಬರ್ತೀನಿ, ಸ್ಟಾರ್ಟ್ ಮಾಡ್ಬೇಡಿ" ಅಂತ ಹೇಳಿ ವಾಪಸ್ ಬನ್ನಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಬಿಡದೆ ಬರುತ್ತಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು. ಆಯಿಲ್ ಮುಚ್ಚಳದ ಒಳಗೆ ಹಾಲಿನಂಥ ನೊರೆ ಕಂಡರೆ ಮುಂದೆ ನೋಡುವ ಕೆಲಸವೇ ಇಲ್ಲ. ನಮ್ಮಂಥವರಿಗೆ ಇಷ್ಟವಾಗುವ ಕೆಲಸವೂ ಒಂದಿದೆ: ಒಬಿಡಿ ಸ್ಕ್ಯಾನರ್. ಎರರ್ ಕೋಡ್ ಒಂದೂ ಇಲ್ಲ ಅಂತ ಬಂದ ಕೂಡಲೇ ಹಿಗ್ಗಬೇಡಿ. ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಮಾನಿಟರ್‌ಗಳು "ಇನ್ನೂ ಪೂರ್ತಿಯಾಗಿಲ್ಲ" ಅಂತ ತೋರಿಸಿದರೆ, ಯಾರೋ ಇತ್ತೀಚೆಗಷ್ಟೇ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಖಾಲಿ ಲಾಗ್ ಫೈಲ್ ಅಂದರೆ ಸಿಸ್ಟಂ ಚೆನ್ನಾಗಿದೆ ಅಂತಲ್ಲ, ನಮಗೆ ಗೊತ್ತಿರೋದೇ ತಾನೆ.

ಓಡಿಸುವಾಗ ಶೋರೂಂ ಮುಂದಿನ ನುಣ್ಣನೆ ರಸ್ತೆ ಬೇಡ. ಹಂಪಿರುವ, ಗುಂಡಿ ಇರುವ, ಫ್ಲೈಓವರ್ ಏರುವ ದಾರಿ ನೀವೇ ಆರಿಸಿ. ಹಾಡು ಆಫ್ ಮಾಡಿ, ಎಸಿ ಆನ್ ಮಾಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿದಾಗ ಟಕಟಕ ಅಂದರೆ ಆಕ್ಸಲ್. ಬ್ರೇಕ್ ಒತ್ತಿದಾಗ ಒಂದು ಕಡೆಗೆ ಎಳೆದರೆ ಹುಷಾರು. ಆಟೊಮ್ಯಾಟಿಕ್ ಆಗಿದ್ದರೆ ಅರ್ಧ ಗಂಟೆ ಟ್ರಾಫಿಕ್ಕಿನಲ್ಲೇ ಓಡಿಸಿ, ಬಿಸಿಯಾದ ಮೇಲೆ ಅದರ ಬುದ್ಧಿ ಗೊತ್ತಾಗುತ್ತದೆ. ಆಫೀಸು ಆರು ಕಿಲೋಮೀಟರ್ ದೂರದಲ್ಲಿರುವವರು ಅಗ್ಗಕ್ಕೆ ಸಿಗ್ತು ಅಂತ 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ತರಬೇಡಿ. ಅದರ ಹೊಗೆ ಕೊಳವೆಯ ಡಿಪಿಎಫ್ ಫಿಲ್ಟರ್ ಶುಚಿಯಾಗಲು ಆಗಾಗ ಲಾಂಗ್ ಡ್ರೈವ್ ಬೇಕು. ದಿನಾ ಆರು ಕಿಲೋಮೀಟರ್ ತೆವಳಿದರೆ ಅದು ಕಟ್ಟಿಕೊಳ್ಳುತ್ತದೆ.

ಟಚ್‌ಸ್ಕ್ರೀನ್ ಎಷ್ಟಿಂಚು, ಸನ್‌ರೂಫ್ ಇದೆಯಾ ಅಂತ ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ. ಏರ್‌ಬ್ಯಾಗ್ ಇದೆಯಾ? ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದೇ 2019ರ ಜುಲೈನಲ್ಲಿ. ಮುಂದಿನ ಎರಡೂ ಸೀಟಿಗೆ ಕಡ್ಡಾಯ ಪೂರ್ತಿ ಜಾರಿಯಾದದ್ದು 2022ರಲ್ಲಿ. ಅದಕ್ಕಿಂತ ಹಿಂದಿನ ಕಾರಿನ ಬೇಸ್ ಮಾಡೆಲ್‌ನಲ್ಲಿ ಅದು ಇಲ್ಲದೇ ಇರಬಹುದು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಸಿಎಪಿ ಮೊದಲ ಸಲ ನಮ್ಮ ಐದು ಜನಪ್ರಿಯ ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿದಾಗ ಏರ್‌ಬ್ಯಾಗ್ ಇಲ್ಲದ ಐದಕ್ಕೂ ದೊಡ್ಡವರ ಸುರಕ್ಷತೆಯಲ್ಲಿ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಇನ್ನು ಇದ್ದ ಏರ್‌ಬ್ಯಾಗ್ ಒಮ್ಮೆ ಬಿಚ್ಚಿ, ಮತ್ತೆ ಹಾಕಿಸದೇ ಮುಚ್ಚಿರಲೂಬಹುದು. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಹೊತ್ತಿ ಆರಬೇಕು. ಹೊತ್ತಿಯೇ ಇದ್ದರೂ ತಪ್ಪು, ಹೊತ್ತದೇ ಇದ್ದರೂ ತಪ್ಪು. ಹೊತ್ತದೇ ಇದ್ದರೆ ಯಾರೋ ದೀಪವನ್ನೇ ಕೊಂದಿರಬಹುದು. ಗೌರಿ ಹಬ್ಬಕ್ಕೆ ಊರಿಗೆ ಹೋಗುವಾಗ ನೆಲಮಂಗಲ ದಾಟಿದ ಮೇಲೆ ಅಮ್ಮ ಕೂರುವ ಕಾರು ಇದು. ಇಲ್ಲಿ ಮುಜುಗರ ಪಡುವಂಥದ್ದು ಏನಿದೆ?

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮಾತು ಇದು: ಕೆಟ್ಟ ಎಂಜಿನ್ನನ್ನು ದುಡ್ಡು ಕೊಟ್ಟು ರಿಪೇರಿ ಮಾಡಿಸಬಹುದು, ಕೆಟ್ಟ ಕಾಗದವನ್ನು ಮಾಡಿಸಲಾಗದು. ಆದರೆ ಕಾಗದದ ಮಾತು ಬಂದ ಕೂಡಲೇ ನಮ್ಮವರು "ಬ್ರೋಕರ್ ನೋಡ್ಕೋತಾನೆ" ಅಂತ ಕೈ ತೊಳೆದುಕೊಳ್ಳುತ್ತಾರೆ.

ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಕಾರಿನ ಮೈಮೇಲೆ ಕೊರೆದಿರುವ ನಂಬರಿನ ಜೊತೆ ನೀವೇ ಕಣ್ಣಾರೆ ಹೋಲಿಸಿ, 17 ಅಕ್ಷರ, ಒಂದೊಂದಾಗಿ. ತಯಾರಾದ ತಿಂಗಳು ಬೇರೆ, ರಿಜಿಸ್ಟರ್ ಆದ ತಿಂಗಳು ಬೇರೆ. ಬೆಲೆ ಕಟ್ಟುವಾಗ ಮೊದಲಿನದನ್ನು ನೋಡಿ. ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ, ಮಾಲೀಕರ ವಿವರ, ಸಾಲ, ತೆರಿಗೆ ಗೊತ್ತಾಗುತ್ತದೆ. ಹಳದಿ ಬೋರ್ಡಿನಲ್ಲಿ ಓಡಿ ಬಿಳಿ ಬೋರ್ಡಿಗೆ ಬದಲಾದ ಗಾಡಿಯಾ ಅಂತಲೂ ಅಲ್ಲೇ ವಿಚಾರಿಸಿ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಎರಡೂ ಬೇಕು. "ಲೋನ್ ಕ್ಲಿಯರ್ ಆಗಿದೆ ಸರ್" ಅನ್ನೋ ಬಾಯಿಮಾತು ಸಾಲದು. ಎರಡೂ ಕೀ ಕೇಳಿ. ಕಳವಿನ ಗಾಡಿಯಾ ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾಹನ್ ಸಮನ್ವಯ್‌ನಲ್ಲಿ ನೋಡಬಹುದು. ಬಾಕಿ ದಂಡ ನೋಡಿ. 2023ರ ಫೆಬ್ರುವರಿಯಲ್ಲಿ ಶೇಕಡ 50 ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ದಂಡ ಕಟ್ಟಲು ಕ್ಯೂ ನಿಂತವರನ್ನು ನೆನಪಿಸಿಕೊಳ್ಳಿ. ಒಂದು ಕಾರಿನ ಮೇಲೆ ಹತ್ತು ಸಿಗ್ನಲ್ ಜಂಪ್, ಆರು ಓವರ್‌ಸ್ಪೀಡ್ ಇದ್ದರೆ ಅದು ಬರೀ ದಂಡ ಅಲ್ಲ, ಓಡಿಸಿದವನ ಗುಣನಡತೆಯ ಪತ್ರ.

ಆಮೇಲೆ ವರ್ಗಾವಣೆ. ಫಾರ್ಮ್ 29, ಫಾರ್ಮ್ 30. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ ತಿಳಿಸಬೇಕು, ಕೊಂಡವರು 30 ದಿನದಲ್ಲಿ ಅರ್ಜಿ ಹಾಕಬೇಕು ಅಂತ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಹೇಳುತ್ತದೆ. ನಡೆಯುವುದೇನು? ಬ್ರೋಕರ್ ಖಾಲಿ ಫಾರ್ಮಿಗೆ ಸಹಿ ಹಾಕಿಸಿ ಇಟ್ಟುಕೊಳ್ಳುತ್ತಾನೆ, ಅವನ ಹೆಸರು ಎಲ್ಲೂ ಬಾರದ ಹಾಗೆ ಗಾಡಿ ಕೈಯಿಂದ ಕೈಗೆ ದಾಟುತ್ತದೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು ಇಂಥದ್ದೇ ಒಂದು ಪ್ರಕರಣ. ಕಾರು ಹಲವರ ಕೈ ದಾಟಿ ಹೋಗಿತ್ತು, ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಇತ್ತು, ಅಪಘಾತವಾಯಿತು. ಹೆಸರು ಇದ್ದವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದ್ದೇ ಅಂತ ಕೋರ್ಟ್ ಹೇಳಿತು. ಇದನ್ನು ಬಲ್ಲ ಪ್ರಾಮಾಣಿಕ ಮಾರಾಟಗಾರ ವರ್ಗಾವಣೆಗೆ ನಿಮಗಿಂತ ಹೆಚ್ಚು ಆತುರ ಪಡುತ್ತಾನೆ. "ಆಮೇಲೆ ಮಾಡಿದ್ರಾಯ್ತು ಬಿಡಿ" ಅನ್ನುವವನ ಕಾರನ್ನೇ ಬಿಡಿ. ಅಂಗಡಿಯವರಿಂದ ಕೊಳ್ಳುವುದಾದರೆ, 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ ಹಳೇ ವಾಹನದ ಡೀಲರ್ ಆರ್‌ಟಿಒದಿಂದ ಅಧಿಕಾರ ಪತ್ರ ಪಡೆದಿರಬೇಕು, ಗಾಡಿ ಅವನ ಕೈಗೆ ಬಂದದ್ದನ್ನು ಪೋರ್ಟಲ್‌ನಲ್ಲಿ ತಿಳಿಸಬೇಕು. ತೋರಿಸಿ ಅಂತ ಕೇಳಿ. ಅವನ ಮುಖ ನೋಡಿದರೇ ಉತ್ತರ ಸಿಗುತ್ತದೆ.

ಇನ್ಶೂರೆನ್ಸ್ ಕೂಡ 14 ದಿನದೊಳಗೆ ನಿಮ್ಮ ಹೆಸರಿಗೆ ಆಗಬೇಕು. ಥರ್ಡ್ ಪಾರ್ಟಿ ಭಾಗ ಕಾನೂನಿನ ಪ್ರಕಾರ ಗಾಡಿಯ ಜೊತೆಗೇ ಬರುತ್ತದೆ, ಆದರೆ ನಿಮ್ಮ ಸ್ವಂತ ಕಾರಿನ ರಿಪೇರಿಯ ಕ್ಲೇಮು ಹಳಬರ ಹೆಸರಿನ ಪಾಲಿಸಿಯಲ್ಲಿ ತಿರಸ್ಕಾರವಾಗಬಹುದು. "ಶೇಕಡ 50 ನೋ ಕ್ಲೇಮ್ ಬೋನಸ್ ಇದೆ" ಅಂತ ಆಸೆ ತೋರಿಸಿದರೆ ನಂಬಬೇಡಿ, ಆ ಬೋನಸ್ ಮನುಷ್ಯನದು, ಕಾರಿನದಲ್ಲ.

ದೆಹಲಿ ನಂಬರಿನ ಕಾರು ಅಗ್ಗಕ್ಕೆ ಸಿಗುತ್ತದೆ ಅಂತ ಹೊರಡುವವರೂ ಇದ್ದಾರೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಗ್ಗದ ಗುಟ್ಟು ಅದು. ಇಲ್ಲಿಗೆ ತಂದ ಮೇಲೆ ಎನ್‌ಒಸಿ, ಮರುನೋಂದಣಿ, ಜೊತೆಗೆ ಕರ್ನಾಟಕದ ಜೀವಿತಾವಧಿ ತೆರಿಗೆ. ಹೊಸ ಪೆಟ್ರೋಲ್, ಡೀಸೆಲ್ ಕಾರಿಗೆ ಬೆಲೆಗೆ ತಕ್ಕಂತೆ ಶೇಕಡ 13ರಿಂದ 18, ಅದರ ಮೇಲೆ ಸೆಸ್. ಹಳೇ ಕಾರಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ ನಿಜ, ಆದರೂ ಉಳಿಸಿದ ದುಡ್ಡಿನಲ್ಲಿ ಬಹುಪಾಲು ಅಲ್ಲೇ ಇಂಗುತ್ತದೆ.

ಬೆಲೆಯ ವಿಷಯದಲ್ಲಿ ಒಂದೇ ಮಾತು. ಮಾರುವವರು ತಾವು ಅಂದು ಕೊಟ್ಟ ಬೆಲೆಯಿಂದ ಲೆಕ್ಕ ಶುರು ಮಾಡುತ್ತಾರೆ. ನೀವು ಇವತ್ತಿನ ಹೊಸ ಕಾರಿನ ಬೆಲೆಯಿಂದ ಶುರು ಮಾಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹೊಸದು ಇಳಿದ ಮೇಲೆ ಹಳೆಯದು ಇಳಿಯದೇ ಇರಲು ಕಾರಣವಿಲ್ಲ. ಕೈಯಲ್ಲಿರುವ ದುಡ್ಡೆಲ್ಲ ಕಾರಿಗೇ ಸುರಿಯದೆ ಹತ್ತರಲ್ಲಿ ಒಂದು ಪಾಲು ಟೈರು, ಬ್ಯಾಟರಿ, ಆಯಿಲ್, ಬೆಲ್ಟಿಗೆ ಅಂತ ತೆಗೆದಿಡಿ.

"ಇಷ್ಟೆಲ್ಲ ನೋಡೋಕೆ ಟೈಮ್ ಎಲ್ಲಿದೆ?" ಅನ್ನುತ್ತೀರಿ. ಎರಡು ಶನಿವಾರ ಸಾಕು. ಐದು ವರ್ಷದ ಇಎಂಐಗೆ ಎರಡು ಶನಿವಾರ ದುಬಾರಿಯೇ? "ಎಲ್ಲರನ್ನೂ ಕಳ್ಳರ ಥರ ನೋಡ್ಬೇಕಾ?" ಅನ್ನುತ್ತೀರಿ. ಇಲ್ಲ. ಒಳ್ಳೆ ಕಾರು ಇಟ್ಟುಕೊಂಡವರು ನೀವು ಬಗ್ಗಿ ನೋಡಿದರೆ ಬೇಸರ ಮಾಡಿಕೊಳ್ಳುವುದಿಲ್ಲ, ತಾವೇ ಟಾರ್ಚ್ ಹಿಡಿಯುತ್ತಾರೆ. ನಿಮ್ಮ ಸಂಕೋಚದಿಂದ ಲಾಭ ಆಗುವುದು ಬಚ್ಚಿಡಲು ಏನಾದರೂ ಇರುವವರಿಗೆ ಮಾತ್ರ. "ಬೇರೆ ಪಾರ್ಟಿ ಸಂಜೆ ಬರ್ತಿದಾರೆ ಸರ್, ಈಗ್ಲೇ ಟೋಕನ್ ಹಾಕಿ" ಅನ್ನುವುದೂ ಆ ಸಂಕೋಚದ ಮೇಲೇ ಬೀಸುವ ಬಲೆ. ಬರಲಿ ಬಿಡಿ. ಬೆಂಗಳೂರಿನಲ್ಲಿ ಹಳೇ ಕಾರಿಗೆ ಬರ ಇಲ್ಲ.

ಹಾಗಾಗಿ ಈ ಶನಿವಾರ ಕಾರು ನೋಡಲು ಹೊರಟಿದ್ದರೆ, ಹಿಂದಿನ ದಿನವೇ ನಿಮ್ಮ ರಸ್ತೆಯ ತಿರುವಿನಲ್ಲಿರುವ ಗ್ಯಾರೇಜಿಗೆ ಹೋಗಿ. ಅಲ್ಲಿ ಕಾರಿನ ಕೆಳಗೆ ಮಲಗಿರುವವನ ಹೆಸರು ಕೇಳಿ, ಟೀ ಕುಡಿಸಿ, ನಾಳೆ ಬರ್ತೀರಾ ಅಂತ ಮರ್ಯಾದೆಯಿಂದ ಕೇಳಿ, ದುಡ್ಡು ಎಷ್ಟು ಅಂತ ಮೊದಲೇ ಮಾತಾಡಿ. ಅವನು ಬೇಡ ಅಂದ ಕಾರನ್ನು ಬಣ್ಣ ಚೆನ್ನಾಗಿದೆ ಅಂತ ತರಬೇಡಿ. ಆರ್‌ಸಿ ನಿಮ್ಮ ಹೆಸರಿಗೆ ಅರ್ಜಿಯಾದ ರಸೀದಿ ಕೈಗೆ ಬರುವವರೆಗೆ ಕೊನೆಯ ಕಂತಿನ ದುಡ್ಡು ನಿಮ್ಮ ಖಾತೆಯಲ್ಲೇ ಇರಲಿ.

ನಿಂಬೆಹಣ್ಣು ಆಮೇಲೆ ಇಟ್ಟರಾಯ್ತು.